ಬೆಂಗಳೂರಿನ ಕಂಟೇನರ್ ಕೊಲಂಬೊದಲ್ಲಿ ಯಾಕೆ ಇಳಿಯುತ್ತದೆ?

ಒಂದು ನಕ್ಷೆ ತೆಗೆದು ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಚೆನ್ನೈಗೂ ಹೆಚ್ಚು ಕಡಿಮೆ ಅಷ್ಟೇ. ಪೀಣ್ಯದ ಒಂದು ಕಾರ್ಖಾನೆ ಜರ್ಮನಿಗೆ ಯಂತ್ರದ ಬಿಡಿಭಾಗ ಕಳಿಸಬೇಕು ಅಂತ ಇಟ್ಟುಕೊಳ್ಳಿ. ಜರ್ಮನಿ ಇರುವುದು ಪಶ್ಚಿಮಕ್ಕೆ. ಮಂಗಳೂರು ಇರುವುದೂ ಪಶ್ಚಿಮಕ್ಕೆ. ಶಾಲೆಗೆ ಹೋಗುವ ಮಗುವನ್ನು ಕೇಳಿದರೂ ಮಂಗಳೂರಿನ ಮೇಲೆಯೇ ಬೆರಳಿಡುತ್ತದೆ, ಅಲ್ವಾ?

ಆದರೆ ಬೆಂಗಳೂರಿನ ಸರಕು ಹೆಚ್ಚಾಗಿ ಹೊರಡುವುದು ಪೂರ್ವಕ್ಕೆ. ವೈಟ್‌ಫೀಲ್ಡ್‌ನಲ್ಲಿ ಒಂದು ಕಂಟೇನರ್ ಡಿಪೊ ಇದೆ. ಸಮುದ್ರವೇ ಇಲ್ಲದ ಊರಿಗೆ ಒಂದು ಸಣ್ಣ ಬಂದರು ಇದ್ದ ಹಾಗೆ. ಬೆಂಗಳೂರಿನಲ್ಲಿ 1981ರಲ್ಲಿ ಶುರುವಾದ ಇಂಥ ಡಿಪೊ ದೇಶಕ್ಕೇ ಮೊದಲನೆಯದು. ಅಲ್ಲಿ ಕಸ್ಟಮ್ಸ್ ಕೆಲಸ ಮುಗಿಸಿಕೊಂಡ ಕಂಟೇನರ್ ರೈಲು ಹತ್ತಿ ಚೆನ್ನೈ ಬಂದರು ಸೇರುತ್ತದೆ. ಅಲ್ಲಿಂದ ಎಷ್ಟೋ ಸಲ ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ, ಅಲ್ಲಿ ಇಳಿದು, ದೊಡ್ಡ ಹಡಗು ಬರುವ ತನಕ ಕಾದು, ಅದನ್ನು ಹತ್ತಿ ಪಶ್ಚಿಮಕ್ಕೆ ತಿರುಗುತ್ತದೆ.

ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ ಯಾಕೆ ಹೋಗಬೇಕು? ಭಾರತ ಜಗತ್ತಿನ ವ್ಯಾಪಾರದ ಕೇಂದ್ರ ಆಗಬೇಕು ಅಂತ ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇವೆ. ದೊಡ್ಡ ದೊಡ್ಡ ಯೋಜನೆಗಳ ಹೆಸರು ಕೇಳುತ್ತೇವೆ, ಲಕ್ಷ ಕೋಟಿಗಳ ಲೆಕ್ಕ ಕೇಳುತ್ತೇವೆ. ಆ ಹೆಸರುಗಳನ್ನು ಬಿಟ್ಟು ಈ ಒಂದು ಪೆಟ್ಟಿಗೆಯ ಹಿಂದೆ ಹೋದರೆ ವಿಷಯ ಬೇಗ ಅರ್ಥವಾಗುತ್ತದೆ.

ಹಾಸನದ ಬಸ್ ನಿಲ್ದಾಣ

ನಮ್ಮ ಬಸ್ಸುಗಳನ್ನು ನೆನೆಸಿಕೊಳ್ಳಿ. ಆಲೂರಿನ ಆಚೆಯ ಒಂದು ಹಳ್ಳಿಯಿಂದ ಹುಬ್ಬಳ್ಳಿಗೆ ನೇರ ಬಸ್ ಇರುವುದಿಲ್ಲ. ದಿನಕ್ಕೆ ಇಬ್ಬರೋ ಮೂವರೋ ಹೋಗುವ ದಾರಿಗೆ ಯಾರೂ ಬಸ್ ಬಿಡುವುದಿಲ್ಲ. ಹಳ್ಳಿ ಬಸ್ಸಿನಲ್ಲಿ ಹಾಸನಕ್ಕೆ ಬರಬೇಕು, ಅಲ್ಲಿ ದೂರದ ಬಸ್ ಹಿಡಿಯಬೇಕು. ಹಾಸನಕ್ಕೆ ಸುತ್ತಲಿನ ಹತ್ತಾರು ಹಳ್ಳಿಗಳಿಂದ ಜನ ಬರುತ್ತಾರೆ. ಅದಕ್ಕೇ ದೂರದ ಬಸ್ಸುಗಳೂ ಅಲ್ಲಿಗೆ ಬರುತ್ತವೆ. ಬಸ್ಸುಗಳು ಬರುತ್ತವೆ ಅಂತ ಇನ್ನಷ್ಟು ಜನ ಅಲ್ಲಿಗೇ ಬರುತ್ತಾರೆ.

ಹಡಗಿನ ಲೋಕವೂ ಹೀಗೇ ನಡೆಯುತ್ತದೆ. ಸಣ್ಣ ಬಂದರುಗಳಿಂದ ಕಂಟೇನರ್ ಹೊತ್ತು ತರುವುದು ಫೀಡರ್ ಹಡಗು. ಅದು ನಮ್ಮ ಹಳ್ಳಿ ಬಸ್. ಖಂಡದಿಂದ ಖಂಡಕ್ಕೆ ಹೋಗುವುದು ತಾಯಿ ಹಡಗು, ಅಂದರೆ ಮದರ್ ಶಿಪ್. ಒಂದರಿಂದ ಇನ್ನೊಂದಕ್ಕೆ ಪೆಟ್ಟಿಗೆ ಬದಲಿಸುವುದಕ್ಕೆ ಟ್ರಾನ್ಸ್‌ಶಿಪ್‌ಮೆಂಟ್ ಅನ್ನುತ್ತಾರೆ. ಕೊಲಂಬೊ ಈ ಕೆಲಸದ ಹಾಸನ.

ತಾಯಿ ಹಡಗು ಎಷ್ಟು ದೊಡ್ಡದು? ಕಂಟೇನರ್ ಲೆಕ್ಕ ಹಾಕುವುದು 20 ಅಡಿ ಉದ್ದದ ಪೆಟ್ಟಿಗೆಯ ಅಳತೆಯಲ್ಲಿ. ಅದಕ್ಕೆ ಟಿಇಯು ಅಂತ ಹೆಸರು. ರಸ್ತೆಯಲ್ಲಿ ನೀವು ನೋಡುವ 40 ಅಡಿಯ ಉದ್ದನೆ ಕಂಟೇನರ್ ಅಂದರೆ 2 ಟಿಇಯು. ಎಂಎಸ್‌ಸಿ ಐರಿನಾ ಎಂಬ ಹಡಗು 24,346 ಟಿಇಯು ಹೊರುತ್ತದೆ. ಅಷ್ಟು ಪೆಟ್ಟಿಗೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಇಟ್ಟರೆ ಬೆಂಗಳೂರಿನಿಂದ ಮೈಸೂರಿನ ತನಕ ಬರುತ್ತದೆ. ಹಡಗಿನ ಉದ್ದ 400 ಮೀಟರ್. ತುಂಬಿದಾಗ ಅದರ ತಳ 16 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ.

ಇಂಥ ಹಡಗು ದಾರಿ ಬಿಟ್ಟು ಸುತ್ತಿಕೊಂಡು ಬರಬೇಕಾದರೆ ಒಂದೊಂದು ದಿನಕ್ಕೂ ಇಂಧನ, ಬಾಡಿಗೆ, ಸಿಬ್ಬಂದಿ ಅಂತ ಭಾರಿ ಖರ್ಚು. ಅದಕ್ಕೇ ಅದು ತನ್ನ ದಾರಿಗೆ ಹತ್ತಿರ ಇರುವ, ಆಳ ಇರುವ, ಬೇಗ ಇಳಿಸಿ ಬೇಗ ಹತ್ತಿಸಿ ಕಳಿಸುವ ಬಂದರನ್ನೇ ಹುಡುಕುತ್ತದೆ. ಚೀನಾ, ಸಿಂಗಪುರದಿಂದ ಸೂಯೆಜ್ ಕಡೆಗೆ ಹೋಗುವ ಹಡಗಿನ ದಾರಿ ಶ್ರೀಲಂಕಾದ ದಕ್ಷಿಣ ತುದಿಯ ಪಕ್ಕದಲ್ಲೇ ಇದೆ. ಕೊಲಂಬೊ ಆ ದಾರಿಗೆ ಹತ್ತಿರ. ಅವರು ಹೊಸ ದಕ್ಷಿಣ ಬಂದರು ಕಟ್ಟಿ, 2013ರಲ್ಲಿ 18 ಮೀಟರ್ ಆಳದ ಟರ್ಮಿನಲ್ ಶುರು ಮಾಡಿದರು. ದಾರಿಯೂ ಇತ್ತು, ಆಳವೂ ಬಂತು.

ಹಾಗಾಗಿ ನಮ್ಮ ಸರಕು ಅಲ್ಲಿಗೆ ಹೋಗುತ್ತದೆ. ಕೇಂದ್ರ ಸರ್ಕಾರವೇ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಹಡಗು ಬದಲಿಸುವ ಭಾರತದ ಸರಕಿನಲ್ಲಿ ಸುಮಾರು 75 ಶೇಕಡ ವಿದೇಶಿ ಬಂದರುಗಳಲ್ಲಿ ಇಳಿದು ಹತ್ತುತ್ತಿತ್ತು. ಅದರಲ್ಲಿ 85 ಶೇಕಡಕ್ಕಿಂತ ಹೆಚ್ಚು ಕೊಲಂಬೊ, ಸಿಂಗಪುರ ಮತ್ತು ಮಲೇಷ್ಯಾದ ಕ್ಲಾಂಗ್ ಬಂದರುಗಳಲ್ಲಿ. ಕೊಲಂಬೊ ಒಂದರ ಪಾಲೇ 45 ಶೇಕಡ.

ಇದರಲ್ಲಿ ಶ್ರೀಲಂಕಾದ ತಪ್ಪೇನೂ ಇಲ್ಲ. ಅವರು ಒಳ್ಳೆ ಕೆಲಸ ಮಾಡಿದ್ದಾರೆ. ಆದರೆ ನಮ್ಮ ಪೆಟ್ಟಿಗೆ ಬೇರೆಯವರ ಅಂಗಳದಲ್ಲಿ ಕಾಯುವಾಗ ಅಲ್ಲಿನ ತೊಂದರೆ ನಮ್ಮ ತೊಂದರೆಯೂ ಆಗುತ್ತದೆ. ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ, 2024ರ ಮಧ್ಯದಲ್ಲಿ ಸಿಂಗಪುರದಂಥ ಬಂದರಿನಲ್ಲೇ ಹಡಗುಗಳು ದಿನಗಟ್ಟಲೆ ಸಾಲು ನಿಂತವು. ನಮ್ಮ ಸರಕು ಹೊತ್ತವೂ ನಿಂತವು.

ಕಾಯುವುದಕ್ಕೂ ಬೆಲೆ ಇದೆ

ಕಾಯುವುದು ಅಂದರೆ ಸುಮ್ನೆ ಸಮಯ ಹಾಳು ಅಂತ ನಾವು ಅಂದುಕೊಳ್ಳುತ್ತೇವೆ. ವ್ಯಾಪಾರದಲ್ಲಿ ಅದು ನೇರವಾಗಿ ಹಣ. ಒಂದು ಕಂಟೇನರಿನಲ್ಲಿ 50 ಲಕ್ಷ ರೂಪಾಯಿಯ ಸರಕು ಇದೆ ಅಂತ ಲೆಕ್ಕ ಹಾಕೋಣ. ಕಾರ್ಖಾನೆಯವರು ಬ್ಯಾಂಕಿನಿಂದ 11 ಶೇಕಡ ಬಡ್ಡಿಗೆ ಸಾಲ ತಂದಿದ್ದಾರೆ. ಆ ಪೆಟ್ಟಿಗೆ ಎಲ್ಲೇ ನಿಂತರೂ ದಿನಕ್ಕೆ ಸುಮಾರು 1,500 ರೂಪಾಯಿ ಬಡ್ಡಿ ಓಡುತ್ತಿರುತ್ತದೆ. 10 ದಿನ ನಿಂತರೆ 15,000. ಇದರ ಮೇಲೆ ಜಾಗದ ಬಾಡಿಗೆ, ಕಂಟೇನರಿನ ಬಾಡಿಗೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸರಕು 25 ದಿನಕ್ಕೆ ಮುಟ್ಟುತ್ತದೋ 40 ದಿನಕ್ಕೆ ಮುಟ್ಟುತ್ತದೋ ಗೊತ್ತಿಲ್ಲದಿದ್ದರೆ ಜರ್ಮನಿಯ ಗಿರಾಕಿ ಏನು ಮಾಡುತ್ತಾನೆ? ಒಂದೋ ಮುಂಚೆಯೇ ಜಾಸ್ತಿ ತರಿಸಿ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತಾನೆ, ಆ ಖರ್ಚನ್ನು ನಮ್ಮ ಬೆಲೆಯಲ್ಲಿ ಕಡಿಮೆ ಮಾಡಿಸುತ್ತಾನೆ. ಇಲ್ಲವೇ ಬೇರೆ ದೇಶದವರಿಗೆ ಆರ್ಡರ್ ಕೊಡುತ್ತಾನೆ. 30 ದಿನ ಅಂತ ಹೇಳಿ 30ನೇ ದಿನಕ್ಕೇ ಮುಟ್ಟಿಸುವವನು, 25 ದಿನ ಅಂತ ಹೇಳಿ ಕೆಲವೊಮ್ಮೆ 40 ಮಾಡುವವನಿಗಿಂತ ಅವನಿಗೆ ಬೇಕಾದವನು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ. ವ್ಯಾಪಾರದ ಕೇಂದ್ರ ಅನ್ನುವುದು ದೊಡ್ಡ ಕ್ರೇನ್, ಅಗಲವಾದ ರಸ್ತೆಗಳ ವಿಷಯ ಆಮೇಲೆ. ಪೆಟ್ಟಿಗೆ ಎಲ್ಲೆಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಮೊದಲು. ಈ ಮೂರು ಪ್ರಶ್ನೆ ಕೈಯಲ್ಲಿಟ್ಟುಕೊಂಡು ಯಾವ ಯೋಜನೆಯನ್ನಾದರೂ ನೋಡಬಹುದು.

ಸಿಂಗಪುರ ಇದನ್ನು ಬೇಗ ಅರ್ಥ ಮಾಡಿಕೊಂಡಿತು. ಅದರ ಹಿಂದೆ ಕಬ್ಬಿನ ಗದ್ದೆ ಇಲ್ಲ, ಗಣಿ ಇಲ್ಲ, ದೊಡ್ಡ ದೇಶ ಇಲ್ಲ. ಈ ಭಾಗಕ್ಕೆ ಕಂಟೇನರ್ ಹಡಗು ಬರುತ್ತದೋ ಇಲ್ಲವೋ ಅನ್ನುವುದೇ ಖಾತ್ರಿ ಇಲ್ಲದ ಕಾಲದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಹಡಗು ನಿಲ್ಲುವ ಕಟ್ಟೆ ಕಟ್ಟಿದರು. 1972ರ ಜೂನ್‌ನಲ್ಲಿ ಅಲ್ಲಿಗೆ ಮೊದಲ ಕಂಟೇನರ್ ಹಡಗು ಬಂತು. 1989ರಲ್ಲಿ ಟ್ರೇಡ್‌ನೆಟ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ತಂದರು. ಬೇರೆ ಬೇರೆ ಇಲಾಖೆಗೆ ಬೇರೆ ಬೇರೆ ಅರ್ಜಿ ಕೊಡುವ ಬದಲು ಒಂದೇ ಅರ್ಜಿ. ದಿನಗಳು ಹಿಡಿಯುತ್ತಿದ್ದ ಅನುಮತಿ ನಿಮಿಷಗಳಲ್ಲಿ ಸಿಗತೊಡಗಿತು. ತಾಲೂಕು ಕಚೇರಿಯಲ್ಲಿ ಪಹಣಿಗಾಗಿ ಮೇಜಿಂದ ಮೇಜಿಗೆ ಅಲೆದವರಿಗೆ ಈ ಬದಲಾವಣೆ ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ. 2024ರಲ್ಲಿ ಸಿಂಗಪುರ 4.1 ಕೋಟಿ ಟಿಇಯು ನಿಭಾಯಿಸಿತು. ಭಾರತದ ಎಲ್ಲ ಬಂದರು ಸೇರಿಸಿದರೂ ಅಷ್ಟಾಗುವುದಿಲ್ಲ.

ವಲ್ಲಾರ್ಪಾಡಂ ಕಲಿಸಿದ್ದು

ನಾವೂ ಪ್ರಯತ್ನ ಮಾಡಿದ್ದೇವೆ. ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದಲ್ಲಿ 2011ರ ಫೆಬ್ರುವರಿಯಲ್ಲಿ ದೊಡ್ಡ ಕಂಟೇನರ್ ಟರ್ಮಿನಲ್ ಉದ್ಘಾಟನೆಯಾಯಿತು. ಇನ್ನು ಮೇಲೆ ಕೊಲಂಬೊಗೆ ಹೋಗುವುದು ಬೇಕಿಲ್ಲ ಅಂತ ಎಲ್ಲರೂ ಅಂದುಕೊಂಡರು. ಅದಕ್ಕಾಗಿ ವೆಂಬನಾಡು ಹಿನ್ನೀರಿನ ಮೇಲೆ 4.62 ಕಿ.ಮೀ. ಉದ್ದದ ರೈಲು ಸೇತುವೆ ಕಟ್ಟಿದರು. ಆಗ ದೇಶದಲ್ಲೇ ಅತಿ ಉದ್ದದ ರೈಲು ಸೇತುವೆ ಅದು, ಗೂಡ್ಸ್ ಗಾಡಿಗೆ ಮಾತ್ರ. ವರ್ಷಕ್ಕೆ 10 ಲಕ್ಷ ಟಿಇಯು ನಿಭಾಯಿಸಬಲ್ಲ ಟರ್ಮಿನಲ್, ಮೊದಲ ಐದು ವರ್ಷ ಅದರ ಅರ್ಧವನ್ನೂ ಮುಟ್ಟಲಿಲ್ಲ. ಅಷ್ಟು ಉದ್ದದ ಸೇತುವೆಯ ಮೇಲೆ ರೈಲು ಓಡಿದ್ದೇ ಕಡಿಮೆ.

ಯಾಕೆ ಹೀಗಾಯಿತು? ಒಂದು ಕಾರಣ ನೀರಿನೊಳಗಿತ್ತು. ಕೊಚ್ಚಿ ಹಿನ್ನೀರಿನ ಬಂದರು. ನದಿಗಳು ಮಣ್ಣು ತಂದು ಸುರಿಯುತ್ತಲೇ ಇರುತ್ತವೆ. 14.5 ಮೀಟರ್ ಆಳ ಉಳಿಸಿಕೊಳ್ಳಲು ವರ್ಷವಿಡೀ ಹೂಳು ತೆಗೆಯುತ್ತಿರಬೇಕು. ಆ ಖರ್ಚು ಬಂದರಿನ ತಲೆ ಮೇಲೆ. ಅಷ್ಟು ತೆಗೆದರೂ ಅತಿ ದೊಡ್ಡ ಹಡಗುಗಳಿಗೆ ಆ ಆಳ ಸಾಲದು.

ಇನ್ನೊಂದು ಕಾರಣ ಕಾಗದದಲ್ಲಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ಒಂದು ಬಂದರಿನಿಂದ ನಮ್ಮದೇ ಇನ್ನೊಂದು ಬಂದರಿಗೆ ಸರಕು ಒಯ್ಯುವುದು ಭಾರತದ ಹಡಗುಗಳಿಗೆ ಮೀಸಲು ಅಂತ ಒಂದು ನಿಯಮ. ಇದಕ್ಕೆ ಕ್ಯಾಬೊಟಾಜ್ ಅನ್ನುತ್ತಾರೆ. ನಮ್ಮ ಹಡಗುಗಳಿಗೆ ಕೆಲಸ ಸಿಗಲಿ ಅನ್ನುವ ಒಳ್ಳೆ ಉದ್ದೇಶದಿಂದಲೇ ಬಂದದ್ದು. ಈಗ ತೂತ್ತುಕುಡಿಯಿಂದ ಒಂದು ಕಂಟೇನರ್ ವಲ್ಲಾರ್ಪಾಡಂಗೆ ಹೋಗಿ ಅಲ್ಲಿ ತಾಯಿ ಹಡಗು ಹತ್ತಬೇಕು ಅಂದುಕೊಳ್ಳಿ. ಎರಡೂ ಭಾರತದ ಬಂದರು. ಹಾಗಾಗಿ ಭಾರತದ ಫೀಡರ್ ಹಡಗೇ ಬೇಕು. ಅವು ಇದ್ದದ್ದು ಬೆರಳೆಣಿಕೆಯಷ್ಟು. ಆದರೆ ತೂತ್ತುಕುಡಿಯಿಂದ ಕೊಲಂಬೊಗೆ? ಅದು ವಿದೇಶ ಪ್ರಯಾಣ, ಯಾವ ದೇಶದ ಹಡಗಾದರೂ ಒಯ್ಯಬಹುದು. ನಮ್ಮ ಹಡಗುಗಳನ್ನು ಕಾಪಾಡಲು ಮಾಡಿದ ನಿಯಮ ನಮ್ಮ ಸರಕನ್ನು ಕೊಲಂಬೊ ಕಡೆಗೆ ತಳ್ಳಿತು. 2012ರಲ್ಲಿ ವಲ್ಲಾರ್ಪಾಡಂಗೆ ಮಾತ್ರ ಈ ನಿಯಮ ಸಡಿಲವಾಯಿತು. ವಿದೇಶಕ್ಕೆ ಹೋಗಿಬರುವ ಕಂಟೇನರ್‌ಗಳ ಮಟ್ಟಿಗೆ ದೇಶದ ಎಲ್ಲ ಬಂದರಿಗೂ ಸಡಿಲವಾದದ್ದು 2018ರಲ್ಲಿ. ಅಷ್ಟರಲ್ಲಿ ಹಡಗು ಕಂಪನಿಗಳ ರೂಢಿ ಕೊಲಂಬೊದಲ್ಲಿ ಗಟ್ಟಿಯಾಗಿತ್ತು.

ರೂಢಿ ಅನ್ನುವುದು ಸಣ್ಣ ವಿಷಯ ಅಲ್ಲ. ಪಕ್ಕದ ಊರಲ್ಲಿ ಹೊಸ ಬಸ್ ನಿಲ್ದಾಣ ಕಟ್ಟಿದ ಮಾತ್ರಕ್ಕೆ ಹಾಸನದ ಬಸ್ಸುಗಳು ಅಲ್ಲಿಗೆ ತಿರುಗುವುದಿಲ್ಲ. ಜನ ಇಲ್ಲದೆ ಬಸ್ ಬರುವುದಿಲ್ಲ, ಬಸ್ ಇಲ್ಲದೆ ಜನ ಬರುವುದಿಲ್ಲ. ಈ ಗಂಟನ್ನು ಬಿಡಿಸಲು ಹೊಸಬರು ಹಳಬರಿಗಿಂತ ಸ್ವಲ್ಪ ಚೆನ್ನಾಗಿದ್ದರೆ ಸಾಲದು, ಬಹಳ ಚೆನ್ನಾಗಿರಬೇಕು.

ವಿಳಿಂಜಂ

ಅಂಥ ಜಾಗ ಒಂದಿದೆ. ತಿರುವನಂತಪುರದ ಪಕ್ಕದ ವಿಳಿಂಜಂ. ಅಲ್ಲಿ ತೀರದ ಹತ್ತಿರವೇ ಸಮುದ್ರ 18ರಿಂದ 20 ಮೀಟರ್ ಆಳ ಇದೆ, ಅದೂ ಸಹಜವಾಗಿ. ಮರಳು ಬಂದು ತುಂಬಿಕೊಳ್ಳುವುದು ಕಡಿಮೆ, ಹಾಗಾಗಿ ಹೂಳೆತ್ತುವ ಖರ್ಚೂ ಕಡಿಮೆ. ಅಂತರರಾಷ್ಟ್ರೀಯ ಹಡಗು ದಾರಿ ಸುಮಾರು 10 ನಾಟಿಕಲ್ ಮೈಲಿ, ಅಂದರೆ 18-19 ಕಿ.ಮೀ. ದೂರದಲ್ಲಿದೆ. ಪ್ರಕೃತಿ ಕೊಟ್ಟ ಇಂಥ ಜಾಗ ನಮ್ಮ ಕರಾವಳಿಯಲ್ಲಿ ಬಹಳ ಅಪರೂಪ.

2015ರಲ್ಲಿ ಕೇರಳ ಸರ್ಕಾರ ಅದಾನಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 2024ರ ಜುಲೈನಲ್ಲಿ ಸ್ಯಾನ್ ಫರ್ನಾಂಡೊ ಎಂಬ ಮೊದಲ ತಾಯಿ ಹಡಗು ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ವಾಣಿಜ್ಯ ಕೆಲಸ ಶುರು. 2025ರ ಮೇ 2ರಂದು ಪ್ರಧಾನಿ ಉದ್ಘಾಟಿಸಿದರು. ಜೂನ್‌ನಲ್ಲಿ, ಬೆಂಗಳೂರು-ಮೈಸೂರು ಉದ್ದದ ಪೆಟ್ಟಿಗೆ ಹೊರುವ ಆ ಎಂಎಸ್‌ಸಿ ಐರಿನಾ ಅಲ್ಲಿಗೇ ಬಂದು ನಿಂತಿತು. ವರ್ಷಕ್ಕೆ 10 ಲಕ್ಷ ಟಿಇಯು ಅಂತ ಕಟ್ಟಿದ ಮೊದಲ ಹಂತ, ಆ ಸಂಖ್ಯೆಯನ್ನು ಮೊದಲ ವರ್ಷದಲ್ಲೇ ದಾಟಿತು. ವಲ್ಲಾರ್ಪಾಡಂ ನೋಡಿದವರಿಗೆ ಇದು ನಿಜಕ್ಕೂ ಖುಷಿಯ ಸುದ್ದಿ. ಅಲ್ಲಿ ಯಾರ್ಡಿನ ಕ್ರೇನ್‌ಗಳನ್ನು ಕೋಣೆಯಲ್ಲಿ ಕೂತು ಪರದೆ ನೋಡಿ ನಡೆಸುತ್ತಾರೆ. ನಡೆಸುವವರಲ್ಲಿ ಸುತ್ತಲಿನ ಮೀನುಗಾರ ಕುಟುಂಬಗಳ ಹೆಣ್ಣುಮಕ್ಕಳೂ ಇದ್ದಾರೆ.

ಅದೇ ಮೀನುಗಾರರ ಇನ್ನೊಂದು ಮಾತನ್ನೂ ಕೇಳಬೇಕು. 2022ರಲ್ಲಿ ಅವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಅಲೆತಡೆ ಗೋಡೆ ಕಟ್ಟಿದ ಮೇಲೆ ಕಡಲ ಕೊರೆತ ಹೆಚ್ಚಾಗಿ ಮನೆಗಳು ಸಮುದ್ರದ ಪಾಲಾದವು ಅನ್ನುವುದು ಅವರ ದೂರು. ಬಂದರು ಕಾರಣ ಅಲ್ಲ ಅಂತ ಕಟ್ಟುವವರು ಹೇಳಿದರು. ಯಾರ ವಾದ ಎಷ್ಟು ಸರಿ ಅಂತ ತೀರ್ಮಾನ ಆಗುವ ತನಕ ಮನೆ ಕಳೆದುಕೊಂಡವರು ಗೋದಾಮು, ಶಾಲೆಗಳಲ್ಲಿ ದಿನ ದೂಡಿದರು. ನಮಗೂ ಇದು ಹೊಸದಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಬರುವಾಗ ಊರು ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರದಲ್ಲಿ ಬದುಕು ಕಟ್ಟಿಕೊಂಡರು. ಇವತ್ತು ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಬೇಡ ಅನ್ನುವ ಮೀನುಗಾರರ ಹೋರಾಟ ನಡೆದೇ ಇದೆ. ಇವರನ್ನು ಅಭಿವೃದ್ಧಿಯ ವಿರೋಧಿಗಳು ಅಂತ ಬದಿಗೆ ತಳ್ಳುವುದು ನನಗೆ ಒಪ್ಪಿಗೆ ಇಲ್ಲ. ದೇಶದ ಪೆಟ್ಟಿಗೆ ನಿಲ್ಲದೆ ಸಾಗಬೇಕು ಅಂತ ಕೇಳುವವರು, ಆ ದಾರಿಗೆ ಜಾಗ ಬಿಟ್ಟವರ ಪರಿಹಾರ ಕೂಡ ವರ್ಷಗಟ್ಟಲೆ ನಿಲ್ಲದೆ ಸಿಗಬೇಕು ಅಂತ ಕೇಳಬೇಕು.

ಮಹಾರಾಷ್ಟ್ರದ ದಹಾಣು ಹತ್ತಿರ ವಾಢವಣ ಬಂದರಿಗೆ 2024ರ ಆಗಸ್ಟ್‌ನಲ್ಲಿ ಅಡಿಗಲ್ಲು ಬಿದ್ದಿದೆ. ಖರ್ಚು ಸುಮಾರು 76,000 ಕೋಟಿ ರೂಪಾಯಿ. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯಲ್ಲೂ ಒಂದು ಬಂದರಿನ ಯೋಜನೆ ಇದೆ. ಮಲಕ್ಕಾ ಜಲಸಂಧಿಯ ಬಾಯಲ್ಲೇ ಇರುವ ಜಾಗ ಅದು. ಆದರೆ ಅಲ್ಲಿನ ಮರಳ ತೀರಕ್ಕೆ ದೈತ್ಯ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಆ ದ್ವೀಪದ ಕಾಡಿನಲ್ಲಿ ಶೋಂಪೆನ್ ಎಂಬ ಬುಡಕಟ್ಟಿನ ಜನ ಇದ್ದಾರೆ. ಕಾಡು, ಆಮೆ, ಆ ಜನರ ಬದುಕು ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ವಿಳಿಂಜಂ ಇರುವಾಗ ಅಲ್ಲಿಗೆ ಹೋಗುವ ಅವಸರ ನನಗಂತೂ ಕಾಣುವುದಿಲ್ಲ.

ಬಂದರಿನ ಗೇಟಿನ ಈಚೆಗೆ

ಹಡಗು ಬದಲಿಸುವ ಕೆಲಸಕ್ಕೆ ನೆಲದ ದಾರಿ ಬೇಕಿಲ್ಲ. ಪೆಟ್ಟಿಗೆ ಸಮುದ್ರದಿಂದ ಬಂದು ಸಮುದ್ರಕ್ಕೇ ಹೋಗುತ್ತದೆ. ಆದರೆ ದೇಶದ ಕಾರ್ಖಾನೆಗೆ, ರೈತನಿಗೆ ಲಾಭ ಆಗಬೇಕಾದರೆ ಒಳನಾಡಿನಿಂದ ಬಂದರಿಗೆ ದಾರಿ ಚೆನ್ನಾಗಿರಬೇಕು. ಪೆಟ್ಟಿಗೆ ಜಾಸ್ತಿ ನಿಲ್ಲುವುದು ಈ ದಾರಿಯಲ್ಲೇ.

ರೈಲನ್ನು ನೋಡಿ. ಒಂದೇ ಹಳಿಯ ಮೇಲೆ ಪ್ಯಾಸೆಂಜರ್, ಎಕ್ಸ್‌ಪ್ರೆಸ್, ಗೂಡ್ಸ್ ಎಲ್ಲವೂ ಓಡುತ್ತವೆ. ಎಕ್ಸ್‌ಪ್ರೆಸ್ ಬಂದಾಗ ಗೂಡ್ಸ್ ಬದಿಗೆ ಸರಿದು ನಿಲ್ಲಬೇಕು. ಸಣ್ಣ ಸ್ಟೇಷನ್‌ಗಳಲ್ಲಿ ಗಂಟೆಗಟ್ಟಲೆ ನಿಂತ ಗೂಡ್ಸ್ ಗಾಡಿಗಳನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಅವುಗಳ ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ಉಳಿದಿತ್ತು. ಸೈಕಲ್ ಸ್ಪರ್ಧೆಯವರು ಇದಕ್ಕಿಂತ ಬೇಗ ಹೋಗುತ್ತಾರೆ.

ಇದಕ್ಕೆ ಉತ್ತರವಾಗಿ ಬಂದದ್ದು ಸರಕಿಗೇ ಮೀಸಲಾದ ರೈಲು ಮಾರ್ಗ. 2006ರಲ್ಲಿ ಅದಕ್ಕಾಗಿ ಬೇರೆ ಕಂಪನಿ ಮಾಡಿದರು. ಪೂರ್ವದ ಮಾರ್ಗ ಪಂಜಾಬಿನ ಲುಧಿಯಾನದಿಂದ ಬಿಹಾರದ ಸೋನ್‌ನಗರದ ತನಕ, 1,337 ಕಿ.ಮೀ. ಪಶ್ಚಿಮದ ಮಾರ್ಗ ದಿಲ್ಲಿ ಹತ್ತಿರದ ದಾದ್ರಿಯಿಂದ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ತನಕ, ಸುಮಾರು 1,500 ಕಿ.ಮೀ. ಇಲ್ಲಿ ಗೂಡ್ಸ್ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಬಹುದು. ಪಶ್ಚಿಮ ಮಾರ್ಗದಲ್ಲಿ ಒಂದು ಕಂಟೇನರ್ ಮೇಲೆ ಇನ್ನೊಂದನ್ನು ಇಟ್ಟು ಒಯ್ಯುತ್ತಾರೆ. ಅದಕ್ಕಾಗಿ ವಿದ್ಯುತ್ ತಂತಿಯನ್ನು ಮಾಮೂಲಿಗಿಂತ ಬಹಳ ಎತ್ತರಕ್ಕೆ ಎಳೆದಿದ್ದಾರೆ. ಹರಿಯಾಣದ ಸೋಹ್ನಾ ಬಳಿ ಅರಾವಳಿ ಬೆಟ್ಟದಲ್ಲಿ ಅಷ್ಟು ಎತ್ತರದ ಸುರಂಗವನ್ನೇ ಕೊರೆದಿದ್ದಾರೆ. 2021ರ ಜನವರಿಯಲ್ಲಿ ಈ ಮಾರ್ಗದಲ್ಲಿ ಒಂದೂವರೆ ಕಿ.ಮೀ. ಉದ್ದದ ಎರಡಂತಸ್ತಿನ ಕಂಟೇನರ್ ರೈಲು ಓಡಿತು.

ಇಷ್ಟೆಲ್ಲ ಆದರೂ ಪಶ್ಚಿಮ ಮಾರ್ಗದ ಕೊನೆಯ ಸುಮಾರು 100 ಕಿ.ಮೀ., ವೈತರಣಾದಿಂದ ನೆಹರು ಬಂದರಿನ ತನಕದ ಭಾಗ, ವರ್ಷಗಟ್ಟಲೆ ಬಾಕಿ ಉಳಿಯಿತು. ಅಲ್ಲಿ ಜಾಗ ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಅಷ್ಟರಲ್ಲಿ ಮೊದಲೇ ಮುಗಿದ ಭಾಗದಿಂದ ಗುಜರಾತಿನ ಮುಂದ್ರಾ, ಪಿಪಾವಾವ್ ಬಂದರುಗಳಿಗೆ ದಾರಿ ಸುಲಭವಾಯಿತು. ಉತ್ತರ ಭಾರತದ ರಫ್ತುದಾರರಿಗೆ ಬೇಕಾದದ್ದು ಬೇಗ ಸಿಗುವ ಬಂದರು, ಅದರ ಹೆಸರು ಯಾವುದಾದರೇನು?

ದಕ್ಷಿಣಕ್ಕೆ ಇಂಥ ಒಂದು ಮಾರ್ಗವೂ ಬಂದಿಲ್ಲ. ಕರ್ನಾಟಕದ ಮೂಲಕ ಒಂದು ಕಿ.ಮೀ. ಕೂಡ ಇಲ್ಲ. ಇದನ್ನು ನಮ್ಮ ಜನಪ್ರತಿನಿಧಿಗಳು ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು ಅನ್ನುವುದು ನನ್ನ ಭಾವನೆ.

ರಸ್ತೆಯಲ್ಲಿ ಬದಲಾವಣೆ ಕಣ್ಣಿಗೆ ಕಾಣುವಷ್ಟು ಆಗಿದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿನ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಅತ್ತಿಬೆಲೆಯಲ್ಲಿ ಆಗಿನ ಲಾರಿ ಸಾಲು ನೋಡಿದವರಿಗೆ ವ್ಯತ್ಯಾಸ ಗೊತ್ತು. 2021ರಿಂದ ಟೋಲ್‌ನಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಕಂಟೇನರ್‌ಗಳಿಗೆ ಪುಟ್ಟ ಟ್ಯಾಗ್ ಅಂಟಿಸಿ, ಅದು ಈಗ ಎಲ್ಲಿದೆ ಅಂತ ನೋಡುವ ವ್ಯವಸ್ಥೆಯೂ ಬಂದಿದೆ. ವಿಶ್ವಬ್ಯಾಂಕಿನ 2023ರ ಸರಕು ಸಾಗಣೆ ಪಟ್ಟಿಯಲ್ಲಿ 139 ದೇಶಗಳಲ್ಲಿ ಭಾರತ 38ನೇ ಸ್ಥಾನದಲ್ಲಿತ್ತು. 2018ರಲ್ಲಿ 44. ಹಡಗು ಬಂದರಿಗೆ ಬಂದು ಹೊರಡಲು ಬೇಕಾದ ಸಮಯ ಸರಾಸರಿ 0.9 ದಿನಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆ ಅಲ್ಲ.

ಇಲ್ಲೊಂದು ಮಾತು. ಭಾರತದಲ್ಲಿ ಸರಕು ಸಾಗಿಸುವ ಖರ್ಚು ಜಿಡಿಪಿಯ 13-14 ಶೇಕಡ ಅಂತ ಬಹಳ ವರ್ಷ ಎಲ್ಲರೂ ಹೇಳುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಹೊರತಂದ ಲೆಕ್ಕ 2023-24ಕ್ಕೆ 7.97 ಶೇಕಡ ಅನ್ನುತ್ತದೆ. ಖರ್ಚು ಒಮ್ಮೆಗೇ ಅರ್ಧ ಆಯಿತು ಅಂತ ತಿಳಿಯಬಾರದು. ಹಳೆಯದು ಅಂದಾಜು, ಹೊಸದು ಅಳತೆ. ಆದರೆ ಸರಾಸರಿಯೊಳಗೆ ಒಂದು ವ್ಯತ್ಯಾಸ ಅಡಗಿದೆ. ದೊಡ್ಡ ಕಂಪನಿಗೆ ಹೋಲಿಸಿದರೆ ಸಣ್ಣ ಉದ್ಯಮಗಳ ಮೇಲೆ ಈ ಹೊರೆ ಬಹಳ ಜಾಸ್ತಿ. ಪೀಣ್ಯದಲ್ಲಿ ಹತ್ತು ಜನ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇಡೀ ಕಂಟೇನರ್ ತುಂಬುವಷ್ಟು ಸರಕು ಇರುವುದಿಲ್ಲ, ದರ ಚೌಕಾಸಿ ಮಾಡುವ ಬಲವೂ ಇರುವುದಿಲ್ಲ.

ಶಿರಾಡಿ

ಈಗ ಮೊದಲ ಪ್ರಶ್ನೆಗೆ ಬರೋಣ. ದೂರ ಒಂದೇ ಇದ್ದರೂ ಬೆಂಗಳೂರಿನ ಪೆಟ್ಟಿಗೆ ಮಂಗಳೂರಿಗೆ ಯಾಕೆ ಹೋಗುವುದಿಲ್ಲ?

ಬೆಂಗಳೂರು-ಚೆನ್ನೈ ದಾರಿ ಹೆಚ್ಚು ಕಡಿಮೆ ಬಯಲು. ಬೆಂಗಳೂರು-ಮಂಗಳೂರು ನಡುವೆ ಪಶ್ಚಿಮ ಘಟ್ಟ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿ.ಮೀ. ರೈಲು ದಾರಿಯಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲಕ್ಕೆ. ನಡೆಯುವವರಿಗೆ ಇದು ಏನೂ ಅಲ್ಲ. ಸಾವಿರಾರು ಟನ್ ಹೊತ್ತ ರೈಲಿಗೆ ಇದು ಭಾರಿ ಏರು. ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಜೋಡಿಸಬೇಕು. ನಿಧಾನಕ್ಕೆ ಹೋಗಬೇಕು. ಹಳಿ ಒಂದೇ. ಹಾಗಾಗಿ ದಿನಕ್ಕೆ ಓಡಿಸಬಹುದಾದ ಗಾಡಿಗಳ ಸಂಖ್ಯೆ ಬಹಳ ಕಡಿಮೆ.

ಮಳೆಗಾಲದಲ್ಲಿ ಅದೂ ನಿಲ್ಲಬಹುದು. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಎರಡು ವಾರದ ಹತ್ತಿರ ರೈಲು ನಿಂತಿತು. ಅದೇ ದಿನಗಳಲ್ಲಿ ಸಕಲೇಶಪುರದ ಆಚೆ ಹೆದ್ದಾರಿಯ ಮೇಲೂ ಗುಡ್ಡ ಜಾರಿತು. ಆ ಹೆದ್ದಾರಿಯ ಶಿರಾಡಿ ಘಾಟಿಯಲ್ಲಿ ಮಳೆ ಸುರಿಯುವಾಗ ಕಿಲೋಮೀಟರ್ ಉದ್ದಕ್ಕೂ ನಿಂತ ಲಾರಿಗಳನ್ನು ಕಂಡವರಿಗೆ ಗೊತ್ತು, ಆ ಚಾಲಕರು ಅನ್ನ ನೀರು ಇಲ್ಲದೆ ಹೇಗೆ ರಾತ್ರಿ ಕಳೆಯುತ್ತಾರೆ ಅಂತ. ಜರ್ಮನಿಗೆ 30 ದಿನದಲ್ಲಿ ಮುಟ್ಟಿಸುತ್ತೇನೆ ಅಂತ ಮಾತು ಕೊಟ್ಟವರು ಈ ದಾರಿಯನ್ನು ನಂಬುವುದು ಕಷ್ಟ.

ಹಾಗಂತ ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದರೆ ಸರಿಹೋಗುವುದಿಲ್ಲ. ಹಾಗೆ ಕಡಿದ ಕಡೆಯೇ ಮಣ್ಣು ಜಾರುತ್ತಿದೆ. ಘಟ್ಟದಲ್ಲಿ ಖರ್ಚು ಜಾಸ್ತಿ ಆದರೂ ಮಣ್ಣಿನ ಗುಣ ನೋಡಿ, ಇಳಿಜಾರು ಬಿಟ್ಟು, ನೀರು ಹೋಗಲು ದಾರಿ ಮಾಡಿ ಕಟ್ಟಬೇಕು. ಬೇಗ ಮುಗಿಸಲು ಹೋಗಿ ಪ್ರತಿ ಮಳೆಗಾಲ ಮುಚ್ಚುವ ಚತುಷ್ಪಥ ಯಾರಿಗೂ ಬೇಡ.

ಘಟ್ಟ ಇಳಿಯಲು ಬೇರೆ ದಾರಿ ಹುಡುಕಿದ ಒಂದು ಹಳೆಯ ಉದಾಹರಣೆ ನಮ್ಮಲ್ಲೇ ಇದೆ. ಕುದುರೆಮುಖದ ಕಬ್ಬಿಣದ ಅದಿರು ಲಾರಿಯಲ್ಲಿ ಬರಲಿಲ್ಲ, ರೈಲಿನಲ್ಲೂ ಬರಲಿಲ್ಲ. ಅದನ್ನು ಪುಡಿ ಮಾಡಿ ನೀರಿನೊಂದಿಗೆ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಆ ಗಣಿಗಾರಿಕೆ ಕಾಡಿಗೆ ಮಾಡಿದ ಹಾನಿ ದೊಡ್ಡದು, 2005ರ ಕೊನೆಗೆ ಅದು ನಿಂತದ್ದು ಒಳ್ಳೆಯದೇ ಆಯಿತು. ಆದರೆ ಸರಕಿನ ಸ್ವಭಾವ ನೋಡಿ ದಾರಿ ಮಾಡುವುದು ಹೇಗೆ ಅನ್ನುವುದು ಅದರಿಂದ ತಿಳಿಯುತ್ತದೆ. ಪಣಂಬೂರು ಬೆಳೆದದ್ದು ಹೀಗೆ ಅದಿರು, ಕಚ್ಚಾ ತೈಲ, ಅಡುಗೆ ಅನಿಲದಂಥ ಸರಕಿನಿಂದ. ಕಂಟೇನರ್ ಕೆಲಸ ಅಲ್ಲಿ ಇವತ್ತಿಗೂ ಸಣ್ಣದು.

ಸಣ್ಣದಾದರೂ ನಮಗೆ ಮುಖ್ಯವಾದದ್ದು ಅದರಲ್ಲಿದೆ. ಮಲೆನಾಡಿನ ಕಾಫಿ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡ ಕರ್ನಾಟಕದ್ದು, ಅದರ ಬಹುಪಾಲು ಹೋಗುವುದು ಹೊರದೇಶಕ್ಕೆ. ಮೂಡಿಗೆರೆ, ಸಕಲೇಶಪುರದ ತೋಟದಿಂದ ಬೀಜದ ಸಿಪ್ಪೆ ತೆಗೆದು ಹಸನು ಮಾಡುವ ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಕಂಟೇನರ್ ಸೇರಿ, ಘಟ್ಟ ಇಳಿದು ಪಣಂಬೂರಿಗೆ ಬರುತ್ತದೆ. ಇಟಲಿಗೆ ಹೋಗಬೇಕಾದ ಆ ಕಾಫಿ ಅಲ್ಲಿಂದ ಎಷ್ಟೋ ಸಲ ಕನ್ಯಾಕುಮಾರಿ ಸುತ್ತಿ ಕೊಲಂಬೊಗೆ ಹೋಗುತ್ತದೆ. ಆಮೇಲೆ ಬಂದ ದಿಕ್ಕಿಗೇ ಮರಳುತ್ತದೆ. ಹೋಗುವಾಗಲೂ ಬರುವಾಗಲೂ ಅದು ವಿಳಿಂಜಂನ ಮುಂದೆಯೇ ಹಾದು ಹೋಗುತ್ತದೆ.

ಪಣಂಬೂರಿನಿಂದ ವಿಳಿಂಜಂಗೆ ವಾರಕ್ಕೆ ಇಂತಿಷ್ಟು ಅಂತ ಖಾತ್ರಿಯಾಗಿ ಓಡುವ ಫೀಡರ್ ಹಡಗುಗಳು ಇದ್ದರೆ ಆ ಸುತ್ತು ಉಳಿಯುತ್ತದೆ. ಕ್ಯಾಬೊಟಾಜ್ ಅಡ್ಡಿ ಈಗ ಇಲ್ಲ. ಹೊಸ ಬಂದರು ಕಟ್ಟಬೇಕಿಲ್ಲ, ಯಾರ ಮನೆಯನ್ನೂ ಬಿಡಿಸಬೇಕಿಲ್ಲ. ಬೇಕಾದದ್ದು ಸರಕು ಸಾಕಷ್ಟು ಸೇರುತ್ತದೆ ಅನ್ನುವ ನಂಬಿಕೆ. ಆ ನಂಬಿಕೆ ಬರಬೇಕಾದರೆ ಶಿರಾಡಿ ಮಳೆಗಾಲದಲ್ಲೂ ತೆರೆದಿರಬೇಕು. ಕಾಫಿ ರಫ್ತು ಮಾಡುವವರು ಯಾರಾದರೂ ಪರಿಚಯ ಇದ್ದರೆ ಕೇಳಿ ನೋಡಿ, ಅವರ ಪೆಟ್ಟಿಗೆ ಕಳೆದ ಸಲ ಎಲ್ಲೆಲ್ಲಿ ನಿಂತಿತು, ಎಷ್ಟು ದಿನ ನಿಂತಿತು ಅಂತ. ದಿನಾಂಕ ಸಮೇತ ಹೇಳುತ್ತಾರೆ.